‘ಆರಾಮ ಅದೀನ್ರಿ’ ಎಂಬ ಉತ್ತರಕ್ಕೆ ಎಷ್ಟು ಅಂಕ?

(ರಾಯಚೂರಿನಲ್ಲಿ ನರ್ಸಿಂಗ್ ಮತ್ತು ಸಮಾಜಕಾರ್ಯ ವಿದ್ಯಾರ್ಥಿಗಳು, ಆಶಾ ಕಾರ್ಯಕರ್ತೆಯರು ಹಾಗೂ ಸಾರ್ವಜನಿಕರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳನ್ನು ಓದಿಗೆ ಹೊಂದುವಂತೆ ತಿದ್ದಿಕೊಂಡು ಇಲ್ಲಿ ಕೊಟ್ಟಿದ್ದೇನೆ. ರೋಗಿಗಳ ಊರು, ಸಂಸಾರದ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ.)

ಬಾಯಿಯ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆಯನ್ನು, ಅಂದರೆ ನಮ್ಮ ಜನರ ಮಾತಿನಲ್ಲಿ ‘ಕರೆಂಟ್’ ಕೊಡಿಸುವುದನ್ನು, ಮುಗಿಸಿಕೊಂಡು ಬಂದಿದ್ದ ಸಿಂಧನೂರು ಕಡೆಯ ಅಜ್ಜಿಯೊಬ್ಬರ ಎದುರು ಕುಳಿತು, ಸೊನ್ನೆಯಿಂದ ಹತ್ತರವರೆಗೆ ಅಂಕಿ ಬರೆದ ಕಾರ್ಡನ್ನು ತೋರಿಸಿ, ನೋವು ಎಷ್ಟಿದೆ ಎಂದು ನಾನು ಕೇಳಿದೆ. ಅಜ್ಜಿ ಕಾರ್ಡನ್ನು ನೋಡಲಿಲ್ಲ; ಪಕ್ಕದಲ್ಲಿ ನಿಂತಿದ್ದ ಮಗನನ್ನು ನೋಡಿದರು. ‘ಆರಾಮ ಅದೀನ್ರಿ’ ಎಂದರು. ನಾನು ಬಿಡದೆ ಕೇಳಿದಾಗ ಎರಡರ ಮೇಲೆ ಬೆರಳಿಟ್ಟರು. ಮಗ ಚೀಟಿ ಹಿಡಿದುಕೊಂಡು ಔಷಧಿ ಅಂಗಡಿಗೆ ಹೋದ ಮೇಲೆ ಕಾರ್ಡನ್ನು ಬದಿಗಿಟ್ಟು, ‘ಅಮ್ಮಾ, ರೂಪಾಯಿಗೆ ಎಷ್ಟಾಣೆ ಬ್ಯಾನಿ ಅದ?’ ಎಂದು ಕೇಳಿದೆ. ‘ಬಾರಾಣೆ ಅದ ಯವ್ವಾ’ ಎಂದು ಮೆಲ್ಲಗೆ ಹೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಒಂದೆಕರೆ ಒತ್ತಿ ಇಟ್ಟಾನ. ನಾ ಬ್ಯಾನಿ ಅಂದ್ರ ಇನ್ನೊಂದು ಎಕರೆ ಹೋಗ್ತದ’ ಎಂದರು.

ಬಾರಾಣೆ ಎಂದರೆ ರೂಪಾಯಿಯ ಹದಿನಾರು ಆಣೆಗಳಲ್ಲಿ ಹನ್ನೆರಡು, ಹತ್ತಕ್ಕೆ ಏಳೂವರೆ. ಎರಡು ಎಂಬ ಉತ್ತರಕ್ಕೂ ಏಳೂವರೆ ಎಂಬ ಉತ್ತರಕ್ಕೂ ನಡುವೆ ಕಳೆದದ್ದು ಹತ್ತು ನಿಮಿಷ ಮಾತ್ರ. ಆ ಹತ್ತು ನಿಮಿಷದಲ್ಲಿ ಅವರ ಗಾಯವಾಗಲಿ ಸ್ವಭಾವವಾಗಲಿ ಬದಲಾಗಿರಲಿಲ್ಲ. ಇಂಥವರನ್ನು ವಾರ್ಡಿನಲ್ಲಿ ‘ಗಟ್ಟಿ ಜೀವ’ ಎಂದು ಮೆಚ್ಚಿಕೊಳ್ಳುತ್ತಾರೆ. ಮನೋವಿಜ್ಞಾನದ ಪುಸ್ತಕಗಳು ಇದನ್ನೇ ಸ್ಟೋಯಿಸಿಸಂ ಎಂದು ಕರೆದು, ಅದನ್ನು ಅಳೆಯಲು ಪ್ರಶ್ನಾವಳಿಗಳನ್ನು ಸಿದ್ಧಪಡಿಸಿ, ಕ್ಯಾನ್ಸರ್ ರೋಗಿಗಳ ವ್ಯಕ್ತಿತ್ವದ ಜೊತೆಗೆ ಅದನ್ನು ಹೋಲಿಸಿ ನೋಡುತ್ತವೆ. ಆ ಅಳತೆಗೋಲುಗಳು ಏನನ್ನು ಅಳೆಯುತ್ತವೆ, ತುಂಗಭದ್ರೆಯ ಈ ದಂಡೆಗೆ ಅವನ್ನು ತಂದಾಗ ಅವು ಯಾಕೆ ತಪ್ಪು ತೂಗುತ್ತವೆ ಎಂಬುದಷ್ಟೇ ಇಂದಿನ ನನ್ನ ವಿಷಯ.

ಪದದಿಂದಲೇ ಆರಂಭಿಸಬೇಕು. ಕ್ರಿಸ್ತಪೂರ್ವ 300ರ ಸುಮಾರಿಗೆ ಸೈಪ್ರಸ್ ದ್ವೀಪದಿಂದ ಬಂದ ಜೀನೋ ಎಂಬಾತ ಅಥೆನ್ಸ್ ನಗರದ ಒಂದು ಚಿತ್ರಮಂಟಪದ ಪಡಸಾಲೆಯಲ್ಲಿ ಪಾಠ ಹೇಳುತ್ತಿದ್ದ; ಆ ಪಡಸಾಲೆಗೆ ಗ್ರೀಕರು ‘ಸ್ಟೋಆ’ ಎನ್ನುತ್ತಿದ್ದುದರಿಂದ ಅವನ ಪಂಥಕ್ಕೂ ಆ ಹೆಸರು ಬಂತು. ಮುಂದೆ ರೋಮಿನಲ್ಲಿ ಗುಲಾಮನಾಗಿದ್ದ ಎಪಿಕ್ಟೀಟಸ್ ಕೂಡ, ಚಕ್ರವರ್ತಿಯಾಗಿದ್ದ ಮಾರ್ಕಸ್ ಅರೀಲಿಯಸ್ ಕೂಡ ಅದೇ ಪಂಥವನ್ನು ಹಿಡಿದರು. ನಮ್ಮ ಕೈಯಲ್ಲಿರುವುದು ಯಾವುದು, ನಮ್ಮ ಕೈಮೀರಿದ್ದು ಯಾವುದು ಎಂದು ವಿವೇಚಿಸಿ, ಕೈಮೀರಿದ್ದಕ್ಕೆ ಮನಸ್ಸನ್ನು ಕಟ್ಟಿಹಾಕದೆ ಇರುವುದು ಅವರ ಅಭ್ಯಾಸ. ಅದು ಕಲಿತು ಸಾಧಿಸಬೇಕಾದ ವಿಚಾರ. ಇಂದಿನ ಆಸ್ಪತ್ರೆಗಳಲ್ಲಿ, ಸಂಶೋಧನೆಗಳಲ್ಲಿ ಬಳಕೆಯಾಗುವ ಸ್ಟೋಯಿಕ್ ಎಂಬ ಮಾತಿಗೆ ಅಷ್ಟು ದೊಡ್ಡ ಅರ್ಥವಿಲ್ಲ. ಅಳದಿರುವುದು, ಹೇಳಿಕೊಳ್ಳದಿರುವುದು, ಇಷ್ಟೇ ಅದರ ಅರ್ಥ. ಎರಡಕ್ಕೂ ಒಂದೇ ಹೆಸರಿರುವುದರಿಂದ ಬಾಯಿಮುಚ್ಚಿಕೊಂಡಿರುವವರಿಗೆಲ್ಲ ತತ್ವಜ್ಞಾನಿಗಳ ಗೌರವ ಪುಕ್ಕಟೆಯಾಗಿ ಸಿಗುತ್ತಿದೆ, ಮತ್ತು ಆ ಗೌರವದ ಬೆಲೆಯನ್ನು ರೋಗಿಯೇ ತೆರುತ್ತಿದ್ದಾನೆ.

ಕನ್ನಡಕ್ಕೆ ಇದನ್ನು ತರುವವರು ಸಹನೆ, ತಾಳ್ಮೆ, ನಿರ್ಲಿಪ್ತತೆ, ಸ್ಥಿತಪ್ರಜ್ಞತೆ ಎಂಬ ನಾಮಪದಗಳನ್ನು ಹುಡುಕುತ್ತಾರೆ. ನಾವು ಕೆಲವರು ಇಂಥದೊಂದು ಪ್ರಶ್ನಾವಳಿಯನ್ನು ಅನುವಾದಿಸಲು ಕುಳಿತಾಗ ನಾಲ್ಕು ದಿನ ಈ ಹೆಸರುಗಳಲ್ಲೇ ಸಿಕ್ಕಿಕೊಂಡಿದ್ದೆವು. ದಾರಿ ತೋರಿಸಿದ್ದು ರೋಗಿಗಳ ಜೊತೆಗೆ ಬಂದವರ ಮಾತು. ಅವರು ಹೆಸರುಗಳನ್ನು ಬಳಸುವುದಿಲ್ಲ, ಕ್ರಿಯಾಪದಗಳನ್ನು ಬಳಸುತ್ತಾರೆ, ಅದೂ ಬೇರೆ ಬೇರೆ ಮೂರನ್ನು. ‘ತಡಕೊಂಡಾನ’ ಎನ್ನುತ್ತಾರೆ: ನೋವು ಇದೆ, ಇರುವುದು ಎಲ್ಲರಿಗೂ ಗೊತ್ತು, ಅವನು ಅವುಡುಗಚ್ಚಿ ನಿಂತಿದ್ದಾನೆ. ‘ನುಂಗಿಕೊಂಡಾಳ’ ಎನ್ನುತ್ತಾರೆ: ನೋವು ಇದೆ, ಆದರೆ ಬೇರೆಯವರಿಗೆ ಗೊತ್ತಾಗದಂತೆ ಅವಳು ಒಳಗೆ ಇಳಿಸಿಕೊಂಡಿದ್ದಾಳೆ. ‘ಬಿಟ್ಟುಬಿಟ್ಟಾರ’ ಎನ್ನುತ್ತಾರೆ: ನೋವು ಇರಬಹುದು, ಅವರಿಗೆ ಅದರ ಹಂಗು ಹರಿದಿದೆ. ಗ್ರೀಕರು ಹೇಳಿದ್ದು ಈ ಮೂರನೆಯದಕ್ಕೆ ಹತ್ತಿರ. ನಮ್ಮ ವಾರ್ಡುಗಳಲ್ಲಿ ನಾನು ಹೆಚ್ಚಾಗಿ ಕಂಡದ್ದು ಎರಡನೆಯದನ್ನು. ಹೊರಗಿನಿಂದ ನೋಡುವವರಿಗೆ ಮೂವರೂ ಒಂದೇ ಥರ ಕಾಣುತ್ತಾರೆ, ಏಕೆಂದರೆ ಮೂವರೂ ಮಾತಾಡುವುದಿಲ್ಲ.

ಇನ್ನು ಅಳತೆಗೋಲುಗಳು. ಹೆಚ್ಚು ಬಳಕೆಯಾಗಿರುವುದು 1995ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ವ್ಯಾಗ್‌ಸ್ಟಾಫ್ ಮತ್ತು ರೌಲೆಡ್ಜ್ ಎಂಬ ಸಂಶೋಧಕರು ಸಿದ್ಧಪಡಿಸಿದ್ದು. ಅದರಲ್ಲಿ 20 ವಾಕ್ಯಗಳಿವೆ; ಪ್ರತಿಯೊಂದಕ್ಕೂ ‘ಪೂರ್ತಿ ಒಪ್ಪುತ್ತೇನೆ’ ಎಂಬಲ್ಲಿಂದ ‘ಪೂರ್ತಿ ಒಪ್ಪುವುದಿಲ್ಲ’ ಎಂಬಲ್ಲಿಯವರೆಗೆ ಐದು ಉತ್ತರಗಳು; ಎಲ್ಲ ಕೂಡಿದರೆ 20ರಿಂದ 100ರೊಳಗೆ ಒಂದು ಅಂಕ. ಭಾವನೆಗಳನ್ನು ತೋರಿಸಿಕೊಳ್ಳುವುದು ಒಳ್ಳೆಯದೇ, ಜನರೆದುರು ಅಳುತ್ತೀರಾ, ಕಷ್ಟವನ್ನು ಬೇರೆಯವರೊಡನೆ ಹಂಚಿಕೊಳ್ಳುತ್ತೀರಾ ಎಂಬ ರೀತಿಯ ಮಾತುಗಳು ಅದರಲ್ಲಿವೆ. ಗಂಡಸರ ಅಂಕ ಹೆಂಗಸರ ಅಂಕಕ್ಕಿಂತ ಹೆಚ್ಚು ಬಂತು ಎಂದು ಆ ಸಂಶೋಧಕರು ವರದಿ ಮಾಡಿದರು. 2008ರಲ್ಲಿ ಅದೇ ಅಳತೆಗೋಲನ್ನು ಬಳಸಿದ ಇನ್ನೊಂದು ಅಧ್ಯಯನವು, ಅಂಕ ಹೆಚ್ಚಿದ್ದವರು ಮಾನಸಿಕ ನೆರವು ಕೇಳುವುದನ್ನು ಒಲ್ಲರು, ಅವರ ಬದುಕಿನ ಗುಣಮಟ್ಟವೂ ಕಡಿಮೆ ಎಂದು ಕಂಡುಕೊಂಡಿತು. ಗಟ್ಟಿತನವು ಮೆಚ್ಚಬೇಕಾದ ಗುಣವೇ ಎಂಬ ಅನುಮಾನಕ್ಕೆ ಇದು ಅಂಕಿ-ಅಂಶದ ಒಂದು ಆಧಾರ.

ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು 2001ರಲ್ಲಿ ಆಸ್ಟ್ರೇಲಿಯಾದಲ್ಲಿ ಪ್ರಕಟವಾದ, ನೋವಿನ ಕುರಿತ ಧೋರಣೆಗಳ ಪ್ರಶ್ನಾವಳಿ. ವಯಸ್ಸಾದವರು ನೋವನ್ನು ಕಡಿಮೆ ಹೇಳಿಕೊಳ್ಳುವುದು ಯಾಕೆ ಎಂಬುದು ಅದರ ಹಿಂದಿದ್ದ ಪ್ರಶ್ನೆ. ಆ ಸಂಶೋಧಕರು ಮೌನವನ್ನು ಎರಡು ರಾಶಿ ಮಾಡಿದರು. ಒಂದು ರಾಶಿಯಲ್ಲಿ ಸ್ಟೋಯಿಕ್ ಮೌನ: ಹೇಳಿಕೊಳ್ಳದಿರುವ ಬಿಗುವು, ಮತ್ತು ‘ಬೇರೆಯವರಿಗಿಂತ ನಾನು ಹೆಚ್ಚು ತಡೆದುಕೊಳ್ಳಬಲ್ಲೆ’ ಎಂಬ ಹಮ್ಮು. ಇನ್ನೊಂದು ರಾಶಿಯಲ್ಲಿ ಹಿಂಜರಿಕೆಯ ಮೌನ: ಇದು ನೋವೇ ಹೌದೋ ಅಲ್ಲವೋ ಎಂಬ ಅನುಮಾನ, ಪೂರ್ತಿ ಖಾತ್ರಿಯಾಗದೆ ‘ನೋವು’ ಎಂಬ ಹೆಸರಿಡಲು ಅಳುಕು. ನಮ್ಮಲ್ಲಿ ಎಷ್ಟು ಜನ ಬಾಯೊಳಗಿನ ಬಿಳಿ ಮಚ್ಚೆಯನ್ನು, ಎದೆಯ ಗಂಟನ್ನು ‘ಬ್ಯಾನಿ ಇಲ್ಲ ಬಿಡು’ ಎಂದು ತಿಂಗಳುಗಟ್ಟಲೆ ಬಿಟ್ಟಿರುತ್ತಾರೆ ಎಂಬುದನ್ನು ನೆನೆದರೆ ಎರಡನೆಯ ರಾಶಿಯ ಬೆಲೆ ತಿಳಿಯುತ್ತದೆ. ಅದು ಧೈರ್ಯವಲ್ಲ, ತಿಳಿವಳಿಕೆಯ ಕೊರತೆ. ಆರಂಭದ ಗಂಟು ಬಹುಮಟ್ಟಿಗೆ ನೋಯುವುದೇ ಇಲ್ಲ ಎಂದು ಯಾರೂ ಅವರಿಗೆ ಹೇಳಿರುವುದಿಲ್ಲ.

2017ರಲ್ಲಿ ಅಮೆರಿಕದ ಪಾಠಕ್, ವೀಟನ್ ಮತ್ತು ಸಂಗಡಿಗರು 12 ವಾಕ್ಯಗಳ ಇನ್ನೊಂದು ಅಳತೆಗೋಲನ್ನು ತಂದರು. ಮಿತಭಾಷೆ, ತಾಳಿಕೆ, ಶಾಂತಿ, ಸಾವಿನ ಬಗ್ಗೆ ನಿರ್ಭೀತಿ ಎಂದು ಅದಕ್ಕೆ ನಾಲ್ಕು ಭಾಗ. ನಮ್ಮ ಜನರ ಮೂರು ಕ್ರಿಯಾಪದಗಳು ಈ ನಾಲ್ಕರಲ್ಲಿ ಮೂರಕ್ಕೆ ಹತ್ತಿರ ಹತ್ತಿರ ಹೊಂದಿಕೊಳ್ಳುವುದನ್ನು ಕಂಡು ನನಗೆ ಸಂತೋಷವಾಯಿತು. ಆ ಅಳತೆಗೋಲಿನ ಇನ್ನೊಂದು ಜಾಣತನವೆಂದರೆ, ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದನ್ನು ಬಿಟ್ಟು, ಹೇಗೆ ಇರಬೇಕೆಂದು ನಂಬಿದ್ದೀರಿ ಎಂಬುದನ್ನು ಅದು ಹಿಡಿಯಲು ಹೊರಟಿದೆ. ಅಳಬಾರದು ಎಂದು ನಂಬಿದವನು ರಾತ್ರಿ ಅಳುತ್ತಿರಬಹುದು; ಅಂಥವನಿಗೆ ನೋವಿನ ಜೊತೆಗೆ ನಾಚಿಕೆಯೂ ಸೇರಿರುತ್ತದೆ. ಇಂಥವರನ್ನು ಹುಡುಕಿ ತೆಗೆಯಬೇಕಾದರೆ ನಂಬಿಕೆ ಮತ್ತು ನಡವಳಿಕೆ ಎರಡನ್ನೂ ಬೇರೆಬೇರೆಯಾಗಿ ಕೇಳಬೇಕಾಗುತ್ತದೆ.

ಆದರೆ ಈ ಮೂರೂ ಗೋಲುಗಳಿಗೆ ಒಂದೇ ತೊಡಕಿದೆ. ಹೇಳಿಕೊಳ್ಳದವರನ್ನು ‘ನೀವು ಹೇಳಿಕೊಳ್ಳುತ್ತೀರಾ’ ಎಂದು ಅವು ಕೇಳುತ್ತವೆ. ಸಕ್ಕರೆ ತೂಗುವ ತಕ್ಕಡಿಗೆ ಸಕ್ಕರೆಯ ಗುಣದಿಂದ ಬಾಧೆಯಿಲ್ಲ. ಇಲ್ಲಿ ಅಳೆಯಬೇಕಾದ ಗುಣವೇ ಉತ್ತರದೊಳಗೆ ಸೇರಿಕೊಂಡು ಅಳತೆಯನ್ನು ಕೆಡಿಸುತ್ತದೆ. ನಿಜವಾಗಿ ನುಂಗಿಕೊಳ್ಳುವವರು ತಾವು ನುಂಗಿಕೊಳ್ಳುತ್ತಿರುವುದನ್ನೂ ನುಂಗಿಕೊಳ್ಳುತ್ತಾರೆ. ‘ಕಷ್ಟವನ್ನು ಮುಚ್ಚಿಡುತ್ತೀರಾ?’ ಎಂದರೆ, ‘ಕಷ್ಟಾನೇ ಇಲ್ರಿ, ಏನ್ ಮುಚ್ಚಿಡೂದು’ ಎನ್ನುತ್ತಾರೆ, ಮತ್ತು ಹಾಳೆಯಲ್ಲಿ ಅವರ ಅಂಕ ಕಡಿಮೆಯಾಗುತ್ತದೆ.

ಈಗ ಭಾಷೆಯ ತೊಡಕು. ಇದರ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತೇನೆ, ಏಕೆಂದರೆ ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಹಲವರು ಮುಂದೆ ಇಂಥ ಹಾಳೆಗಳನ್ನು ಹಿಡಿದು ಹಳ್ಳಿಗೆ ಹೋಗುವವರು. ‘ನನ್ನ ಕಷ್ಟವನ್ನು ನಾನು ಯಾರಿಗೂ ಹೇಳಿಕೊಳ್ಳುವುದಿಲ್ಲ’ ಎಂಬ ವಾಕ್ಯವನ್ನು ಓದಿ ಹೇಳಿ, ಒಪ್ಪುತ್ತೀರಾ ಎಂದು ಕೇಳಿ ನೋಡಿ. ಒಬ್ಬರು ‘ಹೂಂರಿ, ಹೇಳಂಗಿಲ್ರಿ’ ಎನ್ನುತ್ತಾರೆ. ಇನ್ನೊಬ್ಬರು ‘ಇಲ್ರಿ, ಹೇಳಂಗಿಲ್ರಿ’ ಎನ್ನುತ್ತಾರೆ. ಇಬ್ಬರ ಅಭಿಪ್ರಾಯವೂ ಒಂದೇ. ಬರೆದುಕೊಳ್ಳುವ ಹುಡುಗ ‘ಹೂಂ’ ಮತ್ತು ‘ಇಲ್ಲ’ ಎಂಬ ಮೊದಲ ಪದವನ್ನಷ್ಟೇ ಕೇಳಿಸಿಕೊಂಡರೆ ಒಬ್ಬರಿಗೆ ಐದು, ಇನ್ನೊಬ್ಬರಿಗೆ ಒಂದು ಹಾಕುತ್ತಾನೆ. ಇಂಥ ನಕಾರದ ವಾಕ್ಯಗಳು ಒಂದು ಹಾಳೆಯಲ್ಲಿ ಏಳೆಂಟಿದ್ದರೆ, ಕೊನೆಗೆ ಬರುವ ಮೊತ್ತವು ರೋಗಿಯ ಸ್ವಭಾವದ್ದೋ ಆ ಹುಡುಗನ ಕಿವಿಯದ್ದೋ ಎಂದು ಹೇಳಲಾಗದು. ಇದರ ಮೇಲೆ ಐದು ಮೆಟ್ಟಿಲಿನ ಒಪ್ಪಿಗೆ. ಅರ್ಧ ಒಪ್ಪುವುದು, ಕಾಲು ಒಪ್ಪುವುದು ಎಂಬುದು ಪರೀಕ್ಷೆ ಬರೆದು ಅಭ್ಯಾಸವಿದ್ದವರ ಆಟ. ಮನೆ ಬಾಗಿಲಿಗೆ ಬಂದ ಓದಿದವರ ಮಾತಿಗೆ ‘ಇಲ್ಲ’ ಎನ್ನುವುದು ನಮ್ಮ ಹಿರಿಯರಿಗೆ ಮರ್ಯಾದೆಯ ನಡೆಯಲ್ಲ. ಹಾಗಾಗಿ ಕೇಳಿದ್ದಕ್ಕೆಲ್ಲ ‘ಹೌದ್ರಿ’.

ಆತಂಕ ಮತ್ತು ಖಿನ್ನತೆಯನ್ನು ಅಳೆಯಲು ಆಸ್ಪತ್ರೆಗಳಲ್ಲಿ ಬಳಸುವ, 1983ರಲ್ಲಿ ಜಿಗ್ಮಂಡ್ ಮತ್ತು ಸ್ನೇತ್ ರೂಪಿಸಿದ 14 ಪ್ರಶ್ನೆಗಳ ಹಾಳೆಯೊಂದಿದೆ. ದೇಹದ ರೋಗವಿದ್ದವರಿಗಾಗಿಯೇ ಮಾಡಿದ್ದರಿಂದ, ದಣಿವು, ತಲೆನೋವಿನಂಥ ದೇಹದ ಲಕ್ಷಣಗಳನ್ನು ಅದರಿಂದ ಬೇಕೆಂದೇ ದೂರವಿಟ್ಟಿದ್ದಾರೆ. ಆದರೂ ಹೊಟ್ಟೆಯೊಳಗೆ ಚಿಟ್ಟೆ ಹಾರಿದಂತೆ ಭಯವಾಗುತ್ತದೆಯೇ ಎಂಬ ಇಂಗ್ಲಿಷ್ ನುಡಿಗಟ್ಟು ಅದರೊಳಗೆ ಉಳಿದುಬಿಟ್ಟಿದೆ. ಚಿಟ್ಟೆ ಎಂದು ಅನುವಾದಿಸಿದರೆ ಜನ ನಗುತ್ತಾರೆ. ‘ಹೊಟ್ಟೆ ತೊಳಸಿದಂತೆ’ ಎಂದು ತಿದ್ದಿದರೆ ಕಿಮೋ ತೆಗೆದುಕೊಂಡು ಬಂದವರೆಲ್ಲ ‘ಹೌದ್ರಿ, ನಿನ್ನೆಯಿಂದ’ ಎನ್ನುತ್ತಾರೆ; ಅವರು ಹೇಳುತ್ತಿರುವುದು ವಾಂತಿಯ ವಿಷಯ. ‘ಎದಿ ಝಲ್ ಅಂತದೇನು?’ ಎಂದು ಕೇಳಿದಾಗ ಮಾತ್ರ ಭಯದ ಉತ್ತರ ಬರುತ್ತದೆ. ಒಬ್ಬರು ಕನ್ನಡಕ್ಕೆ ತಂದು, ಇನ್ನೊಬ್ಬರು ಮೂಲವನ್ನು ನೋಡದೆ ಇಂಗ್ಲಿಷಿಗೆ ಮರಳಿಸಿ, ಎರಡನ್ನೂ ಹೋಲಿಸಿ ನೋಡುವ ಪದ್ಧತಿ ಸಂಶೋಧನೆಯಲ್ಲಿ ಕಡ್ಡಾಯವೆಂಬಂತೆ ನಡೆದಿದೆ. ಅದು ಒಳ್ಳೆಯದೇ. ಆದರೆ ಅನುವಾದಿಸುವ ಇಬ್ಬರೂ ಓದಿದವರೇ ಆಗಿದ್ದರೆ ಚಿಟ್ಟೆ ಹೋಗಿ ಚಿಟ್ಟೆಯಾಗಿಯೇ ಸುರಕ್ಷಿತವಾಗಿ ಮರಳುತ್ತದೆ, ನಡುವೆ ರೋಗಿಗೆ ಅರ್ಥವಾಯಿತೇ ಎಂದು ಯಾರೂ ಕೇಳಿರುವುದಿಲ್ಲ.

ಕ್ಯಾನ್ಸರಿಗೆ ಮನಸ್ಸು ಹೊಂದಿಕೊಳ್ಳುವ ಬಗೆಯನ್ನು ಅಳೆಯಲು 1988ರಲ್ಲಿ ಇಂಗ್ಲೆಂಡಿನ ವಾಟ್ಸನ್, ಗ್ರೀರ್ ಮೊದಲಾದವರು 40 ವಾಕ್ಯಗಳ ಪ್ರಶ್ನಾವಳಿಯನ್ನು ಪ್ರಕಟಿಸಿದರು. ನನ್ನನ್ನು ದೇವರ ಕೈಗೆ ಒಪ್ಪಿಸಿದ್ದೇನೆ ಎಂಬರ್ಥದ ಒಂದು ವಾಕ್ಯ ಅದರಲ್ಲಿದೆ. ಒಪ್ಪಿದರೆ ವಿಧಿವಾದದ ಅಂಕ ಏರುತ್ತದೆ. ಕೊಪ್ಪಳದ ಹಳ್ಳಿಯಲ್ಲಿ ‘ಶಿವನ ಮ್ಯಾಲ ಭಾರ ಹಾಕೀನಿ’ ಎನ್ನದವರು ಯಾರಿದ್ದಾರೆ? ಬಿತ್ತನೆಗೆ ಹೊರಟವನೂ ಹಾಗೆನ್ನುತ್ತಾನೆ, ಬೀಜವನ್ನು ಆರಿಸಿ, ಗೊಬ್ಬರ ಹಾಕಿ, ಸಾಲ ತಂದು ಎಲ್ಲ ಮಾಡಿದ ಮೇಲೆ. ಎಲ್ಲರೂ ಹೌದೆನ್ನುವ ವಾಕ್ಯ ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಲಾರದು. ಇದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಆ ಪ್ರಶ್ನಾವಳಿ ರೋಗಿಗೆ ತನ್ನ ರೋಗ ಗೊತ್ತಿದೆ ಎಂದು ಹಿಡಿದುಕೊಂಡು ಹೊರಡುತ್ತದೆ. ನಮ್ಮಲ್ಲಿ ವೈದ್ಯರ ಕೋಣೆಗೆ ಮಗನೋ ಅಳಿಯನೋ ಮೊದಲು ಒಳಗೆ ಬಂದು, ‘ಆಕಿಗೆ ಹೇಳಬ್ಯಾಡ್ರಿ ಸರ, ಗಡ್ಡಿ ಅಂತ ಅಷ್ಟ ಹೇಳೀವಿ’ ಎಂದು ಕೈಮುಗಿಯುವುದು ದಿನದ ಮಾತು. ಒಳಗೆ ರೋಗಿಯೂ ಊಹಿಸಿರುತ್ತಾಳೆ. ಮಕ್ಕಳಿಗೆ ನೋವಾಗಬಾರದೆಂದು ತಿಳಿಯದವಳಂತೆ ಇರುತ್ತಾಳೆ. ಇಬ್ಬರೂ ಒಬ್ಬರಿಗೊಬ್ಬರು ನುಂಗಿಕೊಳ್ಳುತ್ತಿರುವ ಆ ಮನೆಯಲ್ಲಿ ಕ್ಯಾನ್ಸರ್ ಎಂಬ ಪದವಿರುವ ಹಾಳೆಯನ್ನು ಬಿಚ್ಚುವುದಕ್ಕೆ ನಿಮಗೆ ಅಧಿಕಾರ ಕೊಟ್ಟವರು ಯಾರು ಎಂಬ ಪ್ರಶ್ನೆಗೆ ಮೊದಲು ಉತ್ತರ ಬೇಕು.

ಇಲ್ಲಿಂದ ವ್ಯಕ್ತಿತ್ವಕ್ಕೆ ಬರುತ್ತೇನೆ. ಇಂದಿನ ಮನೋವಿಜ್ಞಾನ ವ್ಯಕ್ತಿತ್ವವನ್ನು ಐದು ಗುಣಗಳಲ್ಲಿ ಹಂಚುತ್ತದೆ: ಹೊಸ ಅನುಭವಕ್ಕೆ ತೆರೆದಿರುವುದು, ಅಚ್ಚುಕಟ್ಟು, ಬಹಿರ್ಮುಖತೆ, ಹೊಂದಾಣಿಕೆ, ಕಳವಳದ ಸ್ವಭಾವ. ಇವನ್ನು ಅಳೆಯಲು ನೂರಾರು ಪ್ರಶ್ನೆಗಳ ಹಾಳೆಗಳೂ ಇವೆ, 2003ರಲ್ಲಿ ಬಂದ ಹತ್ತೇ ಪ್ರಶ್ನೆಗಳ ಹಾಳೆಯೂ ಇದೆ. ದಣಿದ ರೋಗಿಗೆ ಹತ್ತು ಪ್ರಶ್ನೆಯೇ ಲೇಸು ಎಂದು ಸಂಶೋಧಕರು ಅದನ್ನು ಆರಿಸಿಕೊಳ್ಳುತ್ತಾರೆ. ಈ ಐದು ಗುಣಗಳು ಮನುಷ್ಯರೆಲ್ಲರಿಗೂ ಸಮಾನವೇ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ಬೊಲಿವಿಯಾ ದೇಶದ ಕಾಡಂಚಿನಲ್ಲಿ ಬೇಟೆಯಾಡಿ, ಬೇಸಾಯ ಮಾಡಿ ಬದುಕುವ ಚಿಮಾನೆ ಜನರಲ್ಲಿ 632 ಮಂದಿಯನ್ನು ಮಾತಾಡಿಸಿತು. ಐದು ಗುಣಗಳ ವಿಂಗಡಣೆ ಅಲ್ಲಿ ನಿಲ್ಲಲಿಲ್ಲ. ಕಂಡದ್ದು ಹೆಚ್ಚುಕಡಿಮೆ ಎರಡು: ಜನರೊಡನೆ ಬೆರೆತು ನೆರವಾಗುವುದು, ಮತ್ತು ದುಡಿಮೆ. ಅದನ್ನು ಓದಿದಾಗ ನನಗೆ ಮಾನ್ವಿ ತಾಲ್ಲೂಕಿನ ಒಬ್ಬ ತಾಯಿ ನೆನಪಾದರು. ‘ನೀವು ಎಂಥ ಸ್ವಭಾವದವರು?’ ಎಂಬ ನನ್ನ ಪ್ರಶ್ನೆಗೆ ಅವರು, ‘ಚಲೋ ದುಡೀತಿದ್ದೆ ಯವ್ವಾ. ನಾಟಿ ಹಚ್ಚೂದ್ರಾಗ ನನ್ನ ಸಾಲು ಯಾರೂ ಹಿಡೀತಿದ್ದಿಲ್ಲ’ ಎಂದಿದ್ದರು. ಅದಕ್ಕೆ ನನ್ನ ಹಾಳೆಯಲ್ಲಿ ಕಾಲಂ ಇರಲಿಲ್ಲ. ಅವರು ಕಳೆದುಕೊಂಡದ್ದು ಏನೆಂಬುದು ಮಾತ್ರ ಆ ಒಂದು ವಾಕ್ಯದಲ್ಲಿ ಪೂರ್ತಿಯಾಗಿತ್ತು.

ಯಾವ ದಿನ ಅಳೆದಿರಿ ಎಂಬುದೂ ಮುಖ್ಯ. ಕಿಮೋ ಜೊತೆಗೆ ವಾಂತಿ ತಡೆಯಲೆಂದು ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಹಲವರ ನಿದ್ದೆಯನ್ನು ಕೆಡಿಸುತ್ತದೆ, ಮನಸ್ಸನ್ನು ಚಡಪಡಿಸುವಂತೆ ಮಾಡುತ್ತದೆ. ಮರುದಿನ ‘ಬೇಗ ಗಾಬರಿಯಾಗುತ್ತೀರಾ, ನಿದ್ದೆ ಬರುವುದಿಲ್ಲವೇ’ ಎಂದು ಕೇಳಿ ಕಳವಳದ ಸ್ವಭಾವವೆಂದು ಬರೆದುಕೊಂಡರೆ, ನಾವು ಅಳೆದದ್ದು ಮಾತ್ರೆಯನ್ನು. ಬಾಯಿಯ ರೋಗಿಗಳ ವಿಷಯ ಇನ್ನೂ ಬೇರೆ. ಅಡಿಕೆ, ಗುಟ್ಕಾ ಜಗಿದವರ ದವಡೆ ಬಿಗಿದು ಎರಡು ಬೆರಳು ಹೋಗುವಷ್ಟೂ ಬಾಯಿ ತೆರೆಯದು. ಶಸ್ತ್ರಚಿಕಿತ್ಸೆಯಾದ ಮುಖದಲ್ಲಿ ನೋವಿನ ಗೆರೆಗಳು ಮೂಡುವುದಿಲ್ಲ. ಕಡಿಮೆ ಮಾತು, ನಿರ್ವಿಕಾರ ಮುಖ ಎಂದು ಒಬ್ಬ ವಿದ್ಯಾರ್ಥಿ ಬರೆದುಕೊಂಡು ಬಂದದ್ದನ್ನು ನಾನು ನೋಡಿದ್ದೇನೆ. ಆ ರೋಗಿ ಊರಿನ ಬಯಲಾಟದಲ್ಲಿ ಪಾತ್ರ ಮಾಡುತ್ತಿದ್ದವನು.

ವ್ಯಕ್ತಿತ್ವ ಮತ್ತು ಕ್ಯಾನ್ಸರಿನ ಸಂಬಂಧಕ್ಕೆ ಒಂದು ಇತಿಹಾಸವಿದೆ, ಅದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. 1979ರಲ್ಲಿ ಗ್ರೀರ್ ಮತ್ತು ಸಂಗಡಿಗರು ಲಂಡನ್ನಿನಲ್ಲಿ ಸ್ತನ ಕ್ಯಾನ್ಸರಿನ 69 ಮಹಿಳೆಯರನ್ನು ಐದು ವರ್ಷ ಗಮನಿಸಿ, ಹೋರಾಟದ ಮನೋಭಾವ ಇದ್ದವರು ಮತ್ತು ರೋಗವನ್ನು ಅಲ್ಲಗಳೆದವರು, ಸ್ಟೋಯಿಕ್ ಆಗಿ ಒಪ್ಪಿಕೊಂಡವರಿಗಿಂತ ಹಾಗೂ ಎದೆಗುಂದಿದವರಿಗಿಂತ ಹೆಚ್ಚಾಗಿ ರೋಗ ಮರುಕಳಿಸದೆ ಉಳಿದರು ಎಂದು ವರದಿ ಮಾಡಿದರು. ಜಗತ್ತೆಲ್ಲ ಆ ಮಾತನ್ನು ಹಿಡಿದುಕೊಂಡಿತು. ‘ಧೈರ್ಯ ಒಂದಿದ್ರ ಕ್ಯಾನ್ಸರ್ ಏನ್ ಮಾಡ್ತದ’ ಎಂದು ನಾವು ರೋಗಿಯ ಹಾಸಿಗೆಯ ಬಳಿ ನಿಂತು ಹೇಳುವುದು ಅದರದೇ ದೂರದ ಪ್ರತಿಧ್ವನಿ. 1999ರಲ್ಲಿ ಅದೇ ಗ್ರೀರ್ ಅವರೂ ಸೇರಿದ್ದ ತಂಡ, ವಾಟ್ಸನ್ ಅವರ ಮುಂದಾಳತ್ವದಲ್ಲಿ, ಆರಂಭದ ಹಂತದ ಸ್ತನ ಕ್ಯಾನ್ಸರಿನ 578 ಮಹಿಳೆಯರ ಅಧ್ಯಯನವನ್ನು ಪ್ರಕಟಿಸಿತು. ಹೋರಾಟದ ಮನೋಭಾವಕ್ಕೂ ಬದುಕಿ ಉಳಿಯುವುದಕ್ಕೂ ಸಂಬಂಧ ಕಾಣಲಿಲ್ಲ. ತೀವ್ರ ಹತಾಶೆ ಇದ್ದವರಲ್ಲಿ ಪರಿಣಾಮ ಸ್ವಲ್ಪ ಕೆಟ್ಟದಾಗಿತ್ತು. 2010ರಲ್ಲಿ ಸ್ವೀಡನ್ ಮತ್ತು ಫಿನ್ಲೆಂಡಿನ 59,548 ಜನರನ್ನು ದೀರ್ಘಕಾಲ ಗಮನಿಸಿದ ಅಧ್ಯಯನವು, ಬಹಿರ್ಮುಖತೆಯಾಗಲಿ ಕಳವಳದ ಸ್ವಭಾವವಾಗಲಿ ಕ್ಯಾನ್ಸರ್ ಬರುವುದಕ್ಕೆ ಕಾರಣವೆಂಬುದಕ್ಕೆ ಆಧಾರವಿಲ್ಲ ಎಂದಿತು.

ಈ ಕಥೆಯಲ್ಲಿ ಕಹಿಯಾದ ಒಂದು ಅಧ್ಯಾಯ ನಮ್ಮ ಜಿಲ್ಲೆಗಳಿಗೆ ಹತ್ತಿರದ್ದು. ಹ್ಯಾನ್ಸ್ ಐಸೆಂಕ್ ಎಂಬ ಪ್ರಸಿದ್ಧ ಮನೋವಿಜ್ಞಾನಿ, ಗ್ರೋಸಾರ್ತ್-ಮಾಟಿಚೆಕ್ ಎಂಬ ಸಂಶೋಧಕನ ಜೊತೆಗೂಡಿ, ಭಾವನೆಗಳನ್ನು ಅದುಮಿಡುವ ಸ್ವಭಾವವೇ ಕ್ಯಾನ್ಸರಿಗೆ ದಾರಿ, ಧೂಮಪಾನದ ಪಾತ್ರ ಅದರ ಮುಂದೆ ಸಣ್ಣದು ಎಂಬ ಅರ್ಥ ಬರುವ ಬರಹಗಳನ್ನು ಪ್ರಕಟಿಸಿದ್ದ. ತಂಬಾಕು ಕಂಪನಿಗಳ ಹಣ ಅವನ ಸಂಶೋಧನೆಗೆ ಬಂದದ್ದು ದಾಖಲೆಯಲ್ಲಿದೆ. ಅವನು ತೀರಿಕೊಂಡು 22 ವರ್ಷಗಳಾದ ಮೇಲೆ, 2019ರಲ್ಲಿ, ಲಂಡನ್ನಿನ ಕಿಂಗ್ಸ್ ಕಾಲೇಜಿನ ತನಿಖೆ ಅವರಿಬ್ಬರ 26 ಲೇಖನಗಳು ನಂಬಲರ್ಹವಲ್ಲ ಎಂದು ತೀರ್ಮಾನಿಸಿತು. ತಂಬಾಕಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ಪ್ರಕಟಿಸಿದೆ. ಹಾಗಿರುವಾಗ, ಬಾಯಿಯ ಹುಣ್ಣು ಹಿಡಿದು ಬಂದವನಿಗೆ ‘ನೀನು ಎಲ್ಲ ಮನಸ್ಸಿನಲ್ಲೇ ಇಟ್ಟುಕೊಂಡೆ, ಅದಕ್ಕೇ ಹೀಗಾಯಿತು’ ಎನ್ನುವುದು ಸುಳ್ಳು. ರೋಗದ ಹೊರೆಯ ಮೇಲೆ ಅಪರಾಧದ ಹೊರೆಯನ್ನು ಹೇರಿದಂತೆ.

ಹಾಗಾದರೆ ಅಳೆಯುವುದೇಕೆ? ಔಷಧಿಯ ಕಾರಣಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿ ಕ್ಯಾನ್ಸರ್ ನೋವಿಗೆ ಮೂರು ಮೆಟ್ಟಿಲಿನ ಕ್ರಮವನ್ನು ಕೊಟ್ಟಿತು: ಸಣ್ಣ ನೋವಿಗೆ ಪ್ಯಾರಾಸಿಟಮಾಲ್‌ನಂಥವು, ಮಧ್ಯಮಕ್ಕೆ ಅದಕ್ಕಿಂತ ಬಲವಾದವು, ತೀವ್ರ ನೋವಿಗೆ ಮಾರ್ಫೀನ್. ಎರಡು ಎಂದ ಅಜ್ಜಿ ಕೆಳಗಿನ ಮೆಟ್ಟಿಲಲ್ಲೇ ಉಳಿಯುತ್ತಾರೆ. ಬಾರಾಣೆ ಎಂದವರಿಗೆ ಮಾರ್ಫೀನ್ ಬೇಕು. ಮಾದಕ ವಸ್ತುಗಳ ಕಾನೂನಿಗೆ 2014ರಲ್ಲಿ ತಿದ್ದುಪಡಿಯಾಗಿ, ಮಾರ್ಫೀನ್ ಇಟ್ಟುಕೊಳ್ಳಲು ಹಲವು ಪರವಾನಗಿ ಪಡೆಯುವ ತಾಪತ್ರಯ ಕಾಗದದ ಮಟ್ಟಿಗಾದರೂ ತಗ್ಗಿದೆ. ಆದರೆ ಕೇಳದವರಿಗೆ ಕೊಡುವ ಕಾನೂನು ಯಾವುದೂ ಇಲ್ಲ. ಇಲ್ಲಿ ಸ್ಟೋಯಿಸಿಸಂ ಅಂಕದ ನಿಜವಾದ ಉಪಯೋಗವಿದೆ: ಅಂಕ ಹೆಚ್ಚಿದ್ದರೆ, ಆ ರೋಗಿ ಹೇಳುವ ನೋವಿನ ಸಂಖ್ಯೆಯನ್ನು ಹಾಗೆಯೇ ನಂಬಬೇಡಿ ಎಂಬ ಎಚ್ಚರಿಕೆ ಅದು. ಶಹಬ್ಬಾಸ್‌ಗಿರಿಯಲ್ಲ.

ಮೌನದ ಕಾರಣ ಸ್ವಭಾವವಾಗಿರದೆ ಲೆಕ್ಕಾಚಾರವಾಗಿರಲೂಬಹುದು ಎಂಬುದನ್ನು ಮಾತ್ರ ಈ ಯಾವ ಪ್ರಶ್ನಾವಳಿಯೂ ಕೇಳುವುದಿಲ್ಲ. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯೆಲ್ಲ ಕೂತು ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವ ಕೊಪ್ಪಳ, ಬಳ್ಳಾರಿಯ ರೋಗಿ ಒಬ್ಬನೇ ಹೋಗುವುದಿಲ್ಲ; ಜೊತೆಗಾರನ ಕೂಲಿ ಹೋಗುತ್ತದೆ, ಮೆಣಸಿನಕಾಯಿ ಬಿಡಿಸುವ ಹೊತ್ತಾದರೆ ಮನೆಯ ಇನ್ನೊಬ್ಬರ ಕೂಲಿಯೂ ಹೋಗುತ್ತದೆ. ‘ನೋವು ಜಾಸ್ತಿ’ ಎಂಬ ಮಾತಿಗೆ ಇಷ್ಟು ಖರ್ಚಿರುವ ಕಡೆ ‘ಆರಾಮ’ ಎಂಬ ಮಾತು ಅಗ್ಗ. ಲಿವರ್‌ಪೂಲಿನ ಅಳತೆಯಲ್ಲಿ ಗಂಡಸರು ಮುಂದು; ಇಲ್ಲಿ ಹೆಂಗಸರೇ ಮುಂದು ಎಂದು ನನ್ನ ಅನುಭವ ಹೇಳುತ್ತದೆ, ಮತ್ತು ಅದಕ್ಕೆ ಕಾರಣ ಅವರ ಮನೋಧರ್ಮಕ್ಕಿಂತ ಮನೆಯ ದುಡ್ಡಿನ ಚೀಲ ಯಾರ ಕೈಯಲ್ಲಿದೆ ಎಂಬುದು ಎಂದು ನನ್ನ ಅನುಮಾನ.

ಈಗ ನಾವು ಕೇಳುವ ಕ್ರಮ ಬದಲಾಗಿದೆ. ಸಂಖ್ಯೆ ಕೊನೆಗೆ. ಮೊದಲು, ರಾತ್ರಿ ಎಷ್ಟು ಸಲ ಎಚ್ಚರವಾಯಿತು? ರೊಟ್ಟಿ ತಿನ್ನಲಾಯಿತೇ, ಅಥವಾ ಗಂಜಿಯೇ? ಬಟ್ಟೆ ಒಗೆಯಲು ಕುಳಿತರೆ ಎದ್ದು ನಿಲ್ಲಲು ಯಾರ ಕೈ ಬೇಕು? ನಾಟಿ ಹಚ್ಚಿ ಎಷ್ಟು ತಿಂಗಳಾಯಿತು? ಕೆಲಸದ ಬಗ್ಗೆ ಕೇಳಿದರೆ ನಮ್ಮ ಜನ ಸುಳ್ಳು ಹೇಳುವುದಿಲ್ಲ, ಹೇಳಿಕೊಳ್ಳಲು ನಾಚುವುದೂ ಇಲ್ಲ. ಹಿರಿಯರಿಗೆ ಆಣೆಯ ಲೆಕ್ಕ, ಕಿರಿಯರಿಗೆ ಪೈಸೆಯ ಲೆಕ್ಕ ಅಥವಾ ಕಾರ್ಡು. ಒಂದು ಸಲ ಮನೆಯವರ ಎದುರು ಕೇಳುವುದು, ಇನ್ನೊಂದು ಸಲ ಮನೆಯವರನ್ನು ಯಾವುದಾದರೂ ನೆವದಲ್ಲಿ ಹೊರಗೆ ಕಳಿಸಿ ಕೇಳುವುದು. ಇದಕ್ಕೆ ಸಮಯ ಹಿಡಿಯುತ್ತದೆ. ಹೊರರೋಗಿ ವಿಭಾಗದಲ್ಲಿ ನೂರು ಜನರ ಸಾಲು ಕಾಯುತ್ತಿರುವಾಗ ಆ ಸಮಯ ಎಲ್ಲಿಂದ ತರುವುದು ಎಂದು ಇಲ್ಲಿರುವ ದಾದಿಯರು ಕೇಳಿದರೆ ನನ್ನಲ್ಲಿ ಚಂದದ ಉತ್ತರವಿಲ್ಲ. ಆಶಾ ಕಾರ್ಯಕರ್ತೆಯರ ಕಡೆಗೆ ನಾನು ನೋಡುವುದು ಅದಕ್ಕೇ: ಮನೆಯ ಪಡಸಾಲೆಯಲ್ಲಿ ಕೂತು ಕೇಳುವ ಅವಕಾಶ ನಿಮಗಿದೆ, ನಮಗಿಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು, ಸಿಂಧನೂರಿನ ಅಜ್ಜಿಯ ಹಾಳೆಯಲ್ಲಿ ಕೊನೆಗೆ ಯಾವ ಸಂಖ್ಯೆಯನ್ನು ಬರೆದಿರಿ ಎಂದು ಕೇಳಿದಳು. ಎರಡನ್ನೂ ಬರೆದೆವು. ‘ಮಗ ಇದ್ದಾಗ 2, ಮಗ ಇಲ್ಲದಾಗ ಹನ್ನೆರಡಾಣೆ.’ ವೈದ್ಯರು ಎರಡನೆಯದನ್ನು ನೋಡಿ ಮಾತ್ರೆ ಬರೆದರು, ಮತ್ತು ಅದು ಉಚಿತವಾಗಿ ಸಿಗುತ್ತದೆ ಎಂಬುದನ್ನು ಮಗನಿಗಿಂತ ಮೊದಲು ಅಜ್ಜಿಗೆ ಹೇಳಿದರು. ಮುಂದಿನ ವಾರ ಬಂದಾಗ ಮಗ ಪಕ್ಕದಲ್ಲೇ ನಿಂತಿದ್ದ. ಕೇಳುವ ಮೊದಲೇ ಅಜ್ಜಿ ಎರಡು ಬೆರಳು ತೋರಿಸಿ, ‘ಎರಡಾಣೆ’ ಎಂದರು.